‘ಗ’ ಇಲ್ಲದ ಪೆಟ್ಟಿಗೆ

ನಮ್ಮತ್ತೆಗೆ ಯಾರು ಎಷ್ಟು ಬೈದರೂ ಬೇಸರವಾಗುತ್ತಿರಲಿಲ್ಲ. ಶ್ರುತಿ ಬಿಟ್ಟು ಬೈದರೆ ಮಾತ್ರ ತಡೆದುಕೊಳ್ಳಲಾಗುತ್ತಿರಲಿಲ್ಲ!

ಉತ್ಪ್ರೇಕ್ಷೆ ಅಂದುಕೊಂಡಿರಾ? ನಾನು ಮದುವೆಯಾಗಿ ಮಧುಗಿರಿಗೆ ಬಂದ ಹೊಸತರಲ್ಲಿ ಬೀದಿ ನಲ್ಲಿಯ ಹತ್ತಿರ ಒಂದು ಜಗಳ ನಡೆಯಿತು. ಪಕ್ಕದ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೊಡ ಮುಂದಿಟ್ಟ ತಪ್ಪಿಗೆ ನಮ್ಮತ್ತೆಯ ಏಳು ತಲೆಮಾರನ್ನೂ ಬೀದಿಗೆಳೆದಳು. ಅತ್ತೆ ಕಣ್ಣು ಅರ್ಧ ಮುಚ್ಚಿ, ಕಚೇರಿ ಕೇಳುವವರ ಹಾಗೆ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಅಂದರು: “ಕೆಳಗೆ ಚೆನ್ನಾಗೈತೆ ಕಣಮ್ಮ. ಮೇಲಕ್ಕೆ ಹೋದಾಗ ದನಿ ಒಡೀತೈತೆ. ಒಂದು ಲೋಟ ಬಿಸಿನೀರು ಕುಡ್ಕಂಡು ಬಂದು ಬೈಯಿ. ನಾನು ಇಲ್ಲೇ ಇರ್ತೀನಿ.”

ಆಕೆಗೆ ನಗು ತಡೆಯಲಾಗಲಿಲ್ಲ. ನಗುವವರ ಹತ್ತಿರ ಜಗಳ ಮುಂದುವರಿಯುವುದು ಹೇಗೆ? ಎರಡು ಕೊಡ ನೀರು ಅವಳೇ ಹೊತ್ತುಕೊಂಡು ಬಂದು ನಮ್ಮ ಹಂಡೆಗೆ ಹಾಕಿ ಹೋದಳು.

ಸೊಪ್ಪು ಮಾರುವವನ ಪಾಡು ಇನ್ನೂ ಕಷ್ಟ. ಐ.ಡಿ.ಹಳ್ಳಿಯ ಕಡೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಆ ಮನುಷ್ಯ ‘ಸೊಪ್ಪೋ’ ಎಂದು ಕೂಗಿದರೆ ಕೊನೆಯ ಓಕಾರ ಜಾರಿ ಚರಂಡಿಗೆ ಬೀಳುತ್ತಿತ್ತಂತೆ. ಅತ್ತೆ ಬಾಗಿಲಲ್ಲಿ ನಿಲ್ಲಿಸಿಕೊಂಡು, “ಎಲ್ಲಿ, ನನ್ನ ಹಿಂದೆ ಹೇಳು, ಸೊಪ್ಪೋ…” ಎಂದು ಪಾಠ ಶುರುಮಾಡಿದರು. ಬಿಸಿಲು ಏರಿತು, ಪಾಠ ಮುಗಿಯಲಿಲ್ಲ. “ಸೊಪ್ಪು ಬಾಡೋಯ್ತದೆ, ಬುಡವ್ವ ನನ್ನ!” ಎಂದು ಆತ ಕೈ ಮುಗಿದ. ಅಂದಿನಿಂದ ನಮ್ಮ ಬೀದಿಯಲ್ಲಿ ಆತ ಮೂಗನ ಹಾಗೆ ನಡೆದುಹೋಗಿ, ಮೂಲೆ ತಿರುಗಿದ ಮೇಲೆ ಬಾಯಿ ಬಿಡುತ್ತಿದ್ದ. ನಮ್ಮ ಮನೆಗೆ ಸೊಪ್ಪು ಬೇಕಾದರೆ ನಾನು ಮೂಲೆಯವರೆಗೆ ಓಡಬೇಕಾಗಿತ್ತು!

ಇಂಥ ಅತ್ತೆಗೆ ಇದ್ದ ಒಂದೇ ಆಸ್ತಿ ಅವರ ಹಾರ್ಮೋನಿಯಂ. ಸಂಜೆಯಾದರೆ ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ನಡುಮನೆಯಲ್ಲಿ ಸಾಲಾಗಿ ಕೂರುತ್ತಿದ್ದರು. ಅತ್ತೆ ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯಲ್ಲಿ ನುಡಿಸುತ್ತ, ಕಣ್ಣಲ್ಲೇ ಗದರುತ್ತ ಹಾಡು ಹೇಳಿಕೊಡುತ್ತಿದ್ದರು. ನನಗೆ ಸಂಗೀತದ ಗಂಧವಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಮಾಡದಿರುವುದೇ ನಾನು ಆ ಮನೆಯ ಸಂಗೀತಕ್ಕೆ ಸಲ್ಲಿಸುತ್ತಿದ್ದ ಸೇವೆ.

ಹೀಗಿರುವಾಗ ಒಂದು ಚಳಿಗಾಲದ ಬೆಳಿಗ್ಗೆ ಅತ್ತೆಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಬಾಯಿ ಸ್ವಲ್ಪ ಓರೆಯಾಗಿದ್ದು ಕ್ರಮೇಣ ಸರಿಹೋಯಿತು. ಮಾತು ತೊದಲುತ್ತಿದ್ದದ್ದೂ ಬಹುಪಾಲು ತಿಳಿಯಾಯಿತು. ಎಡಗೈ ಮಾತ್ರ ಕೈಕೊಟ್ಟಿತು. ಅತ್ತೆಯೇ ಹೇಳುತ್ತಿದ್ದರು: “ಎಲ್ಲರಿಗೂ ಬೇರೆಯೋರು ಕೈಕೊಡ್ತಾರೆ, ನನಗೆ ನನ್ನ ಕೈಯೇ ಕೈಕೊಡ್ತು ನೋಡು!”

ತಿದಿ ಒತ್ತುವವರು ಯಾರು? ನಮ್ಮ ಮಾವ ಮುಂದೆ ಬಂದರು. ಮಾವನವರದು ಹುಣಸೆಹಣ್ಣಿನ ಮಂಡಿ. ಮೂವತ್ತು ವರ್ಷ ತಕ್ಕಡಿ ಹಿಡಿದ ಕೈ, ತಿದಿ ಯಾವ ಲೆಕ್ಕ ಎಂದು ಅವರ ಧೈರ್ಯ. ಮೊದಲ ದಿನ ಎಷ್ಟು ಜೋರಾಗಿ ಒತ್ತಿದರೆಂದರೆ ಹಾರ್ಮೋನಿಯಂ ಹಾಡಲಿಲ್ಲ, ಕಿರುಚಿತು. “ನಿಧಾನ ಅಂದ್ರೆ!” ಎಂದರು ಅತ್ತೆ. ಎರಡನೆಯ ದಿನ ನಿಧಾನವಾಗಿ ಒತ್ತಿದರು, ಒತ್ತುತ್ತ ಒತ್ತುತ್ತ ತೂಕಡಿಸಿದರು. ಹಾಡು ಬರಬರುತ್ತ ಕ್ಷೀಣಿಸಿ, ಚರಣದ ನಡುವೆ ಪ್ರಾಣ ಬಿಟ್ಟಿತು. ಹುಡುಗಿಯರು ಕಿಸಕ್ಕೆಂದರು. ಅತ್ತೆ ಪೆಟ್ಟಿಗೆ ಮುಚ್ಚಿದರು. ಅದರ ಮೇಲೆ ಬಟ್ಟೆಯನ್ನೂ ಹೊದಿಸಿಬಿಟ್ಟರು. ಅಲ್ಲಿಂದಾಚೆಗೆ ಹುಡುಗಿಯರು ಬರುವುದು ನಿಂತಿತು. ಅತ್ತೆ ಹಾಡುವುದೂ ನಿಂತಿತು. ಯಾರಾದರೂ ಕೇಳಿದರೆ, “ಕೈ ಸರಿ ಹೋಗ್ಲಿ ತಡಿ” ಅನ್ನುತ್ತಿದ್ದರು. ಹಾಡುವುದು ಕೈಯಿಂದಲೇ? ಯಾರೂ ತಿರುಗಿ ಕೇಳಲಿಲ್ಲ.

ಆಗತಾನೇ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊರಟಗೆರೆಯಲ್ಲಿ ಮೇಷ್ಟ್ರಾಗಿದ್ದ ನನ್ನ ಯಜಮಾನರು ಯಾವುದೋ ಮದುವೆಗೆಂದು ಸಿರಾಕ್ಕೆ ಹೋದವರು, ಅಲ್ಲಿ ರೇಡಿಯೋ ಅಂಗಡಿಯೊಂದರಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಕಂಡು, ಬರುವಾಗ ಕೊಂಡೇ ತಂದರು. ತಿದಿ ಇಲ್ಲ, ಒಂದೇ ಕೈ ಸಾಕು, ಬ್ಯಾಟರಿ ಹಾಕಿದರೆ ನುಡಿಯುತ್ತದೆ! ಮನೆಯಲ್ಲಿ ಅದಕ್ಕೆ ‘ಕರೆಂಟ್ ಪೆಟ್ಟಿಗೆ’ ಎಂದು ನಾಮಕರಣವಾಯಿತು. ಅತ್ತೆ ಅರಿಶಿನ ಕುಂಕುಮ ಹಚ್ಚಿ, ಮುಂದೆ ಕೂತು, ಸ ಒತ್ತಿದರು. ನುಡಿಯಿತು. ರಿ ಒತ್ತಿದರು. ನುಡಿಯಿತು. ಗ ಒತ್ತಿದರು.

ಸದ್ದೇ ಇಲ್ಲ!

ಒತ್ತಿದರು, ತಟ್ಟಿದರು, ಊದಿದರು. ಅಷ್ಟೊಂದು ಸ್ವರದ ಮನೆಗಳಿರುವ ಪೆಟ್ಟಿಗೆಯಲ್ಲಿ ಮಿಕ್ಕೆಲ್ಲ ಮನೆಯಲ್ಲೂ ಸಂಸಾರವಿತ್ತು. ಅತ್ತೆಯ ಶ್ರುತಿಗೆ ಸರಿಯಾಗಿ ಗಾಂಧಾರ ಬರಬೇಕಾದ ಆ ಒಂದು ಮನೆ ಮಾತ್ರ ಖಾಲಿ.

“ಅದೊಂದು ಸ್ವರ ಇಲ್ದಿರೋ ಹಾಡು ಹಾಡ್ಕಂಡ್ರಾಯ್ತಪ್ಪ” ಎಂದರು ಮಾವ, ಮಂಡಿಗೆ ಹೊರಡುತ್ತ.

ಅತ್ತೆ ನೇರವಾಗಿ ಅಡಿಗೆಮನೆಗೆ ಬಂದರು. ಮಧ್ಯಾಹ್ನದ ಸಾರಿನಲ್ಲಿ ಉಪ್ಪಿರಲಿಲ್ಲ. ಮಾವ ಒಂದು ತುತ್ತು ಬಾಯಿಗಿಟ್ಟು, ಅತ್ತೆಯ ಮುಖ ನೋಡಿ, “ನಾಳೆಯೇ ಸಿರಾಕ್ಕೆ ಹೋಗಿ ಬದಲಾಯಿಸ್ಕಂಡು ಬರ್ಲಿ” ಎಂದರು.

“ಇವನು ಹೋದ್ರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸ್ಕಂಡು ಬತ್ತಾನೆ” ಎಂದು ಮಗನನ್ನು ತೋರಿಸಿದರು ಅತ್ತೆ. “ನಾನೇ ಹೋಯ್ತೀನಿ. ನೀನು ಬಾರಮ್ಮ.” ಕೊನೆಯ ಮಾತು ನನಗೆ.

ಪೆಟ್ಟಿಗೆಗೆ ಧೂಳು ತಾಗದಿರಲಿ ಎಂದು ಕಂಬಳಿ ಸುತ್ತಿ, ಬಸ್ಸಿನಲ್ಲಿ ಅತ್ತೆ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಪಾವಗಡದ ಕಡೆಯ ಅಜ್ಜಿಯೊಬ್ಬಳು. ಕಂಬಳಿಯನ್ನು ನೋಡಿ ಕರುಣೆಯಿಂದ ಕೇಳಿದಳು: “ಪಾಪಕ್ಕೆ ಮೈ ಹುಷಾರಿಲ್ವೇನಮ್ಮ?”

“ಮೈ ಚೆನ್ನಾಗೈತೆ. ಬಂದು ಇನ್ನೂ ತಿಂಗಳಾಗಿಲ್ಲ. ಮಾತೇ ಸರಿಯಾಗಿ ಬರ್ತಿಲ್ಲ” ಎಂದರು ಅತ್ತೆ, ನಗದೆ.

“ಅಯ್ಯೋ, ತಿಂಗಳಾಗದ ಕೂಸಿಗೆ ಮಾತೆಲ್ಲಿ ಬತ್ತದಮ್ಮ! ಆದ್ರೂ ಇಷ್ಟುದ್ದ ಐತಲ್ಲ!” ಎಂದು ಅಜ್ಜಿ ಬೆರಗಾದಳು. “ಸಿದ್ದರಬೆಟ್ಟಕ್ಕೆ ಒಂದ್ಸಲ ಕರ್ಕಂಡು ಹೋಗು. ಅಂತಾ ಮಂಚಿದೇ ಅವುತುಂದಿ.”

ಎಲ್ಲಾ ಒಳ್ಳೆಯದಾಗುತ್ತದೆ ಎಂದು ಅಜ್ಜಿ ತೆಲುಗಿನಲ್ಲಿ ಹರಸಿ, ಕೂಸಿನ ತಲೆ ಸವರಲೆಂದು ಕಂಬಳಿಯ ಮೇಲೆ ಕೈಯಿಟ್ಟಳು. ಅದೇ ಗಳಿಗೆಗೆ ಬಸ್ಸು ಹಳ್ಳಕ್ಕಿಳಿಯಿತು. ಒಳಗೆ ಯಾವ ಗುಂಡಿ ಒತ್ತಿಹೋಯಿತೋ, ಕಂಬಳಿಯೊಳಗಿಂದ ‘ಡಿಂಗ್ ಚಿಕ್ ಡಿಂಗ್ ಚಿಕ್’ ಎಂದು ತಾಳ ಶುರುವಾಯಿತು! ಅಜ್ಜಿ “ಓರಿ ದೇವುಡಾ!” ಎಂದು ಎದ್ದು ಕಂಡಕ್ಟರನ ಮೇಲೆ ಬಿದ್ದಳು. ನಿಲ್ಲಿಸುವ ಗುಂಡಿ ಯಾವುದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಸಿರಾ ಬರುವ ತನಕ ಇಡೀ ಬಸ್ಸು ಡಿಂಗ್ ಚಿಕ್ ಎಂದು ತಲೆಯಾಡಿಸಿಕೊಂಡೇ ಬಂತು.

ರೇಡಿಯೋ ಅಂಗಡಿಯ ಸಾಹೇಬರು ಬಿಳಿ ಗಡ್ಡದ, ತುಂಬ ಮರ್ಯಾದೆಯ ಮನುಷ್ಯ. ಅತ್ತೆಗೆ ಕುರ್ಚಿ ಹಾಕಿಸಿ, ಚಹಾ ತರಿಸಿದರು. ಪೆಟ್ಟಿಗೆ ಪರೀಕ್ಷಿಸಿದರು.

“ಒಂದು ಮನೆ ಖರಾಬ್ ಆಗಿದೆ ಅಮ್ಮಾ. ಬೆಂಗಳೂರಿಗೆ ಕಳಿಸ್ತೀನಿ, ರಿಪೇರಿ ಆಗಿ ಬರುತ್ತೆ. ಎರಡು ಮೂರು ತಿಂಗಳು ಆಗ್ಬಹುದು.”

“ಅಲ್ಲಿ ಬೀರುವಿನಲ್ಲಿ ಇನ್ನೊಂದು ಐತಲ್ಲ?”

“ಅದು ಮಾರೋದಲ್ಲ ಅಮ್ಮಾ, ಅಂಗಡಿ ಶೋಭೆಗೆ ಇಟ್ಟಿರೋದು. ಅಲ್ಲಿವರೆಗೂ ಆ ಒಂದು ಮನೆ ಬಿಟ್ಟು ಬಾರಿಸಿ. ಒಂದೇ ಒಂದು ತಾನೆ?”

ಅತ್ತೆ ಚಹಾದ ಲೋಟ ಕೆಳಗಿಟ್ಟರು. ಇನ್ನು ಏನೋ ಕಾದಿದೆ ಎಂದು ನನಗೆ ಗೊತ್ತಾಯಿತು.

“ಸಾಹೇಬ್ರೆ, ಈಗ ನಿಮ್ಮ ಬಾಯಿಂದ ಒಂದೇ ಒಂದು ಅಕ್ಷರ ತಕ್ಕಂತೀನಿ. ‘ಗ’. ಅದನ್ನ ಬಿಟ್ಟು ನನ್ನ ಜೊತೆ ವ್ಯಾಪಾರ ಮಾತಾಡಿ. ನೀವು ಗೆದ್ರೆ ಇದೇ ಪೆಟ್ಟಿಗೆ ಎತ್ಕಂಡು ಸುಮ್ಮನೆ ಊರಿಗೆ ಹೋಯ್ತೀನಿ. ಸೋತ್ರೆ ಆ ಬೀರುವಿನದು ನಂದು.”

ಸಾಹೇಬರು ನಕ್ಕರು. “ಅಷ್ಟೇನಾ? ಆಗ್ಲಿ ಅಮ್ಮಾ!”

“ಹೋಯ್ತು!” ಎಂದರು ಅತ್ತೆ.

ಪಕ್ಕದ ಅಂಗಡಿಯ ದರ್ಜಿ ಮಿಷನ್ ನಿಲ್ಲಿಸಿ ಬಂದು ತೀರ್ಪುಗಾರನಾಗಿ ನಿಂತ. ಸಾಹೇಬರು ಗಡ್ಡ ಸವರಿಕೊಂಡು ಮತ್ತೆ ಶುರುಮಾಡಿದರು. “ನೋಡಿ ಅಮ್ಮಾ, ಈ ಪೆಟ್ಟಿ…” ನಿಂತರು. “ಇದನ್ನ ನಾನು ಬೆಂ… ಬೆಂ…” ಬೆಂಗಳೂರು ನಾಲಿಗೆಯ ತುದಿಗೆ ಬಂದು ಸಿಕ್ಕಿಹಾಕಿಕೊಂಡಿತು. ಗ್ಯಾರಂಟಿ ಎನ್ನುವ ಹಾಗಿಲ್ಲ, ಗಿರಾಕಿ ಎನ್ನುವ ಹಾಗಿಲ್ಲ, ಈಗ ಎನ್ನುವ ಹಾಗಿಲ್ಲ, ಹೋಗಿ ಎನ್ನುವುದಂತೂ ಇಲ್ಲವೇ ಇಲ್ಲ! ಹಣೆಯಲ್ಲಿ ಬೆವರೊಡೆಯಿತು. ಕೊನೆಗೆ ಉಪಾಯ ಹೊಳೆದವರ ಹಾಗೆ ಎಲ್ಲ ಸರಿಹೋಗುತ್ತದೆ ಎನ್ನಲು ಉರ್ದುವಿಗೆ ಜಿಗಿದರು.

“ಸಬ್ ಠೀಕ್ ಹೋ ಜಾಯೇಗಾ ಅಮ್ಮಾ!”

“ಗಾ!” ಎಂದು ದರ್ಜಿ ಕೂಗಿದ. ಅಂಗಡಿಯೆಲ್ಲ ಗೊಳ್ಳೆಂದಿತು. ಸಾಹೇಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಕೊಡಲ್ಲ’ ಎನ್ನಬಹುದಿತ್ತು. ಅದರಲ್ಲಿ ಗ ಇಲ್ಲವಲ್ಲ! ನನಗೆ ಹೊಳೆದದ್ದು ಅವರಿಗೆ ಹೊಳೆಯಲಿಲ್ಲವೇ? ಹೊಳೆದಿರಬೇಕು. ಅತ್ತೆಯ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಎಡಗೈಯನ್ನು ಅವರು ಆಗ ನೋಡಿದರು. ಎದ್ದು, ಬೀರುವಿನ ಬೀಗ ತೆಗೆದು, ಶೋಭೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಂದು ಅತ್ತೆಯ ಮುಂದಿಟ್ಟರು.

“ತಕ್ಕೊಳ್ಳಿ ಅಮ್ಮಾ. ಇದು ನಿಮ್ದೇ.”

ಆ ಹೊತ್ತಿನಲ್ಲಿ ಅವರು ಗ ಇಲ್ಲದೆ ಮುಗಿಸಿದ ಮೊದಲ ಮಾತು ಅದೇ!

“ಎಲ್ಲಾ ಮನೆ ನೋಡ್ಕೊಂಡು ಹೋಗಿ, ಮತ್ತೆ ಬಂದು ನನ್ನ ಬಾಯಿ ಕಟ್ಟಬೇಡಿ” ಎಂದರು ಸಾಹೇಬರು. ಅತ್ತೆ ಒಂದೊಂದಾಗಿ ಒತ್ತುತ್ತ ಹೋದರು. ಗ ನುಡಿಯಿತು, ದುಂಡಗೆ. ದರ್ಜಿ ಚಪ್ಪಾಳೆ ತಟ್ಟಿದ. “ಹಂಗೇ ಒಂದು ಹಾಡೂ ಆಗ್ಲಿ ಅಮ್ಮಾ” ಎಂದರು ಸಾಹೇಬರು.

ಅತ್ತೆಯ ಬಲಗೈ ಅಲ್ಲೇ ನಿಂತಿತು. ‘ಕೈ ಸರಿ ಹೋಗ್ಲಿ’ ಎನ್ನುತ್ತಾರೆಂದು ನಾನು ಕಾದೆ. ಅನ್ನಲಿಲ್ಲ. ನನ್ನ ಕಡೆ ತಿರುಗಿದರು.

“ಇಲ್ಲಿ ಬಾರಮ್ಮ.” ನನ್ನ ಬೆರಳು ಹಿಡಿದು ಒಂದು ಮನೆಯ ಮೇಲಿಟ್ಟರು. “ಇದು ಸ. ಒತ್ತಿ ಹಿಡ್ಕ. ನಾನು ಹೇಳೋಗಂಟ ಬಿಡಬ್ಯಾಡ.”

ಒತ್ತಿದೆ. ಸ್ವರ ಎದ್ದು ಅಂಗಡಿಯನ್ನು ತುಂಬಿತು. ಅತ್ತೆ ಹುಡುಗಿಯರಿಗೆ ಮೊಟ್ಟಮೊದಲು ಹೇಳಿಕೊಡುತ್ತಿದ್ದ ಪುಟ್ಟ ಹಾಡನ್ನು ಎತ್ತಿಕೊಂಡರು.

ದನಿ ಜಾರಿತು.

ಸಂಗೀತದ ಗಂಧವಿಲ್ಲದ ನನಗೂ ತಿಳಿಯಿತು. ಮೊದಲ ಸಾಲಿನ ಕೊನೆಯಲ್ಲಿ ನಾಲಿಗೆ ತೊಡರಿ, ದನಿ ಸ್ವರದಿಂದ ಕೆಳಗೆ ಬಿತ್ತು. ಅತ್ತೆ ನಿಲ್ಲಿಸಿದರು. ಸಾಹೇಬರು ನೆಲ ನೋಡಿದರು. ದರ್ಜಿಯ ಮುಖದ ನಗು ಹಾಗೇ ಆರಿತು. ಇಷ್ಟು ತಿಂಗಳು ಮನೆಯಲ್ಲಿ ಯಾಕೆ ಹಾಡಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಅತ್ತೆ ಬೀದಿಯ ಕಡೆ ನೋಡುತ್ತಲೇ ಮೆಲ್ಲಗೆ ಕೇಳಿದರು: “ಬಿಟ್ಟುಬುಟ್ಯೇನಮ್ಮ?”

“ಇಲ್ಲ ಅತ್ತೆ. ಹಿಡ್ಕೊಂಡಿದೀನಿ.”

“ಅಂಗೇ ಇರು.”

ಮತ್ತೆ ಮೊದಲಿನಿಂದ ಎತ್ತಿಕೊಂಡರು. ದನಿ ಮತ್ತೆ ಜಾರಿತು, ಈ ಸಲ ನಿಲ್ಲಿಸಲಿಲ್ಲ. ತಡವರಿಸಿ, ಹುಡುಕಿ, ಮೆಟ್ಟಿಲು ಹತ್ತುವ ಹಾಗೆ ಹತ್ತಿ ಬಂದು ನನ್ನ ಬೆರಳ ಕೆಳಗಿದ್ದ ಸ್ವರದ ಮೇಲೆ ಕೂತಿತು. ಕೂತದ್ದು ಎದ್ದು ಮುಂದಿನ ಸಾಲಿಗೆ ಹೋಯಿತು. ಅಲ್ಲಿ ಜಾರಿದರೆ ಮತ್ತೆ ಅಲ್ಲಿಗೇ ಬಂತು. ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಇದ್ದ ಒಂದು ಕೈ ಹಾಡಿಗೆ ತಾಳ ಹಾಕುತ್ತಿತ್ತು.

ಹಾಡು ಮುಗಿಯಿತು. ನನ್ನ ಬೆರಳ ತುದಿ ಬಿಳಿಚಿಕೊಂಡಿತ್ತು. ಬಿಡು ಎಂದು ಅವರು ಹೇಳಿರಲಿಲ್ಲ, ನಾನು ಬಿಟ್ಟಿರಲಿಲ್ಲ. ಅವರೇ ಬಲಗೈಯಿಂದ ನನ್ನ ಕೈಯನ್ನು ಮೆಲ್ಲಗೆ ಎತ್ತಿ, ತಮ್ಮ ಎಡಗೈಯ ಮೇಲೆ ಇಟ್ಟುಕೊಂಡರು.