ಮುತ್ತೈದೆಯರ ಚಾಪೆಯ ಮೇಲೊಂದು ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಬಿಸಿಯಾಗಿ ಅರಿಶಿಣದ ಚಾಪೆಗೆ ಬೆಂಕಿ ಹತ್ತಬಹುದಿತ್ತು. ಹಾಡಿನ ನಡುವೆ ಅದು ಯಾರನ್ನೂ ಕೇಳದೆ ಅಪ್‌ಡೇಟ್ ಆಗಲು ಹೊರಡಬಹುದಿತ್ತು. ಬೀಗರ ಪೈಕಿ ಯಾರಾದರೂ ಅದರ ಮೇಲೆ ಎಣ್ಣೆಯ ಬಟ್ಟಲು ಇಡಬಹುದಿತ್ತು. ಸೋಬಾನೆ ಪದದ ಬದಲು, ಅಕ್ಕ ಪ್ರಯೋಗಕ್ಕೆಂದು ಹಿಡಿದಿಟ್ಟ ನನ್ನ ಗೊರಕೆ ಹೊರಬೀಳಬಹುದಿತ್ತು! ಮಗಳ ಮದುವೆಗೆ ಒಂದು ತಿಂಗಳಿರುವಾಗಲೇ ನಾನು ಈ ಪಟ್ಟಿ ಬೆಳೆಸತೊಡಗಿದ್ದೆ. ಹೆದರುವುದು ನನಗೆ ಚಹಾ ಕುಡಿದಷ್ಟೇ ರೂಢಿ.

ಇಷ್ಟಕ್ಕೆಲ್ಲ ಕಾರಣ ನನ್ನ ಅಕ್ಕ. ಕುಷ್ಟಗಿಯಲ್ಲಿ ಕರೆಂಟು ಹೋದರೆ ಖುಷಿಪಡುವ ಏಕೈಕ ವ್ಯಕ್ತಿ ಅವಳೇ ಇರಬೇಕು! ಯಾಕೆಂದರೆ ಹಾಡು ರೆಕಾರ್ಡ್ ಮಾಡುವ ಅವಳ ಸಂಗೀತ ಕಾರ್ಖಾನೆ ಪೂರ್ತಿ ಆ ಲ್ಯಾಪ್‌ಟಾಪಿನಲ್ಲಿದೆ. ಮನೆಯ ಪಕ್ಕದಲ್ಲಿ ಹಿಟ್ಟಿನ ಗಿರಣಿಯಿದೆ. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಅಕ್ಕ ಶುರುವಾಗುತ್ತಾಳೆ. ಒಮ್ಮೆ ನಾನು ಅವಳ ಮನೆಗೆ ಹೋದಾಗ ನಡುಮನೆಯಲ್ಲಿ ಒಂದು ಕೌದಿ ಕುಳಿತುಕೊಂಡು ಹಾಡುತ್ತಿತ್ತು. ಹೌಹಾರಿದೆ.

"ಬಾಗಲಾ ಹಾಕೋ ಅಂಜುಬುರಕಾ, ಸಪ್ಪಳ ಬರ್ತೈತಿ!" ಎಂದಿತು ಕೌದಿ. ಹೊರಗಿನ ಸದ್ದು ಹಾಡಿಗೆ ಸೇರದಿರಲೆಂದು ಅಕ್ಕ ಅದನ್ನು ತಲೆತುಂಬ ಹೊದ್ದು ಕುಳಿತಿದ್ದಳು.

ತಾಳಕ್ಕೆ ತಾಮ್ರದ ಕೊಡ, ಗೆಜ್ಜೆಯ ಬದಲು ಹಳೇ ಬಳೆಗಳ ಡಬ್ಬಿ. ಗಂಗಾವತಿಯ ಸ್ಟುಡಿಯೋದವನೊಬ್ಬ, "ಇದಕ್ಕ ದೊಡ್ಡ ಸೆಟಪ್ ಬೇಕ್ರೀ ಅಮ್ಮಾರ," ಎಂದಿದ್ದಕ್ಕೆ ಅಕ್ಕ, "ನಿಮ್ಮ ಸೆಟಪ್ ನನ್ನ ತೊಡಿಮ್ಯಾಲ ಕೂಡ್ತೈತೇನ್ರಿ?" ಎಂದು ಕೇಳಿ ಬಸ್ಸು ಹತ್ತಿದ್ದಳು.

ಅಷ್ಟು ಹಟ ಯಾಕೆ? ಯಲಬುರ್ಗಾದಿಂದ ಕೊಪ್ಪಳದವರೆಗೆ ಅರಿಶಿಣದ ಶಾಸ್ತ್ರಕ್ಕೆ ಸೋಬಾನೆ ಎತ್ತಿಕೊಡಲು ಅಕ್ಕನೇ ಬೇಕಿತ್ತು. ಅವಳು ಒಂದು ಸಾಲು ಹೇಳಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು. ಆದರೆ ಚಾಪೆಯ ಮೇಲೆ ಕೂರುವವರು ಮುತ್ತೈದೆಯರೇ ಆಗಬೇಕು. ಭಾವ ತೀರಿಕೊಂಡ ಮೇಲಿನ ಮೊದಲ ಮದುವೆಯಲ್ಲಿ ಚಿಗವ್ವ, ಅಂದರೆ ನಮ್ಮ ಕಾಕಾನ ಹೆಂಡತಿ, ಎಲ್ಲರೆದುರೇ ಅಂದಳು: "ನೀ ಒಳಗ ಕುಂದ್ರವಾ." ನಾನು ಅಲ್ಲೇ ಇದ್ದೆ. ಪೆಂಡಾಲಿನ ಗಂಟುಗಳು ಬಿಗಿಯಾಗಿವೆಯೇ ಎಂದು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದೆ!

ಅಕ್ಕ ಅತ್ತಳೇ? ಲ್ಯಾಪ್‌ಟಾಪ್ ಕೊಂಡಳು.

"ನನ್ನ ಕೂಡ್ಸೂದಿಲ್ಲಂದ್ರ ಬ್ಯಾಡ. ನಿನ್ನ ಮಗಳ ಮದುವ್ಯಾಗ ಇದನ್ನ ಕೂಡಸ್ತೀನಿ. ಇದರ ಗಂಡ ಅದಾನೋ, ಹೋಗ್ಯಾನೋ, ಯಾರ್ ಕೇಳ್ತಾರ?"

ಚಿಗವ್ವ ಕೇಳಿದಳು. ಮದುವೆಗೆ ಎರಡು ದಿನ ಮುಂಚೆ ಬಂದು, ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಹಿಂದೆ ಮುಂದೆ ನೋಡಿದಳು.

"ಒಳಗ ಎಷ್ಟ ಮಂದಿ ಹಾಡ್ಯಾರ?"

"ಐದು ಮಂದಿ, ಚಿಗವ್ವಾ."

"ಎಲ್ಲಾರೂ ಮುತ್ತೈದ್ಯಾರ ಹೌದಿಲ್ಲ?"

"ಐದೂ ಮಂದಿ ನಾನ!"

ಒಂದೇ ಪದವನ್ನು ಐದು ಸಲ ಹಾಡಿ ಒಂದರ ಮೇಲೊಂದು ಪೇರಿಸಿದ್ದಳು ಪುಣ್ಯಾತ್ಗಿತ್ತಿ! ಇದಕ್ಕೆ ಶಾಸ್ತ್ರದಲ್ಲಿ ಏನಿದೆಯೋ ಚಿಗವ್ವನಿಗೂ ತಿಳಿಯಲಿಲ್ಲ. ಅರಿಶಿಣದ ದಿನ ಯಾವುದಕ್ಕೂ ಇರಲಿ ಎಂದು ಅವಳೇ ಲ್ಯಾಪ್‌ಟಾಪಿನ ಬೆನ್ನಿಗೆ ಕುಂಕುಮ ಹಚ್ಚಿದಳು.

ಎರಡು ಪದ ಸುಸೂತ್ರವಾಗಿ ಮುಗಿದವು. ಚಾಪೆಯ ಮೇಲಿನ ಹೆಂಗಸರು ತಲೆದೂಗಿದರು. ಮೂರನೆಯ ಪದದ ಮೊದಲ ಸಾಲು ಮುಗಿಯಿತು. ತಿರುಗಿ ಹಾಡುವ ಹೊತ್ತಿಗೆ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿ ಹಾಡು ನಿಂತಿತು.

ಮಗಳ ಕೆನ್ನೆಗೆ ಹೊರಟ ಕೈಗಳು ಗಾಳಿಯಲ್ಲೇ ನಿಂತವು. ಆಗ ಅಡುಗೆಮನೆಯ ಬಾಗಿಲಿಂದ ಆ ಸಾಲು ಮುಂದುವರಿಯಿತು. ಐದಲ್ಲ, ಅಕ್ಕನ ಒಂದೇ ದನಿ. ಚಿಗವ್ವ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಮಗಳು, ಮುಖವೆಲ್ಲ ಹಳದಿ, ಕೂಗಿದಳು:

"ಅತ್ತಿ, ಅಲ್ಲಿಂದ ಛಲೋ ಕೇಳ್ಸವಲ್ದು. ಇಲ್ಲಿ ಬಾ, ನನ್ನ ಬಾಜೂಕ ಕುಂದ್ರು."

ಅಕ್ಕ ನನ್ನನ್ನು ನೋಡಿದಳು. ಈ ಸಲ ನಾನು ಪೆಂಡಾಲಿನ ಕಡೆ ನೋಡಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಚಾಪೆಯ ಮೇಲೆ ಜಾಗ ಮಾಡಿದೆ. ಅವಳು ಕುಳಿತಳು, ಸಾಲು ಹೇಳಿದಳು; ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಹಾಡಿದರು. ಕೊನೆಗೆ, ಗುನುಗುವಂತೆ, ಚಿಗವ್ವನೂ.

ನಾನು ಗೋಡೆಗೊರಗಿ, ಅಷ್ಟೆಲ್ಲ ಹೆದರಿದ್ದಕ್ಕೆ ಕೊನೆಗೆ ಕೆಟ್ಟದ್ದಾದರೂ ಏನು ಎಂದು ವಯರು ಹಿಡಿದು ಹುಡುಕಿದೆ. ಚಾರ್ಜರ್ ಸಿಕ್ಕಿಸಿದ್ದೆ, ಬೋರ್ಡಿನ ಸ್ವಿಚ್ಚು ಹಾಕಿರಲಿಲ್ಲ. ಅಷ್ಟೇ. ನೋಡಿದ ಮೇಲೂ ಹಾಕಲಿಲ್ಲ.