ಕೊಂಡಪ್ಪನಿಗೆ ಉಡಿಸಿದ ನನ್ನ ಸೀರೆ

“ಈ ಸಲ ಸ್ಕೂಲು ನಾಟಕದ ಉಡುಪೆಲ್ಲ ನನ್ನ ಜವಾಬ್ದಾರಿ!” ಎಂದು ನಾನು ಘೋಷಿಸಿದಾಗ ಒಲೆಯ ಮೇಲಿನ ಹುರುಳಿಸಾರು ಕೂಡ ಉಕ್ಕುವುದನ್ನು ಬಿಟ್ಟು ಕಿವಿಗೊಟ್ಟಿತು. ಕಿವಿಗೊಡದವರು ಒಬ್ಬರೇ, ನನ್ನ ಯಜಮಾನರು. ಹೊಸಕೋಟೆ ಸೀಮೆಗೆಲ್ಲ ಅವರು ದೊಡ್ಡ ಮೇಷ್ಟ್ರು.

ನಾಟಕ ಅವರದೇ ರಚನೆ, ‘ಪತಿಸೇವಾ ಪರಾಯಣೆ’! ಬಡ ರೈತನ ಹೆಂಡತಿ ರಾಗಿ ಬೀಸಿ, ನೀರು ಹೊತ್ತು, ಸಾಯಲು ಮಲಗಿದ ಗಂಡನ ಕಾಲೊತ್ತುವ ಕಥೆ. ಹೆಂಡತಿಯ ಪಾತ್ರ ಮಿಡ್ಲ್‌ಸ್ಕೂಲಿನ ಹುಡುಗ ಕೊಂಡಪ್ಪನದು.

“ನಿನ್ನ ಧಾರೆ ಸೀರೆ ತೆಗಿಯೇ. ನಾಯಕಿ ಅಂದ್ಮೇಲೆ ಜರಿ ಇರ್ಬೇಕು,” ಎಂದರು.

“ರಾಗಿ ಬೀಸೋಳು ಜರಿ ಸೀರೆ ಉಡ್ತಾಳೇನ್ರೀ?”

“ಅವಳ ಸದ್ಗುಣ ಜನಕ್ಕೆ ಕಾಣ್ಬೇಡ್ವೇನೇ?”

ಸದ್ಗುಣ ಅಂತೆ! ನಮ್ಮ ಬೆವರಿಗೆ ಇವರಿಟ್ಟ ಹೆಸರು! ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ನಾನು ಇವರ ಒಂದು ನಾಟಕವನ್ನೂ ಕೊನೆಯವರೆಗೆ ಕಂಡವಳಲ್ಲ. ರಂಗದ ಹಿಂದಿನ ಕೊಠಡಿಯಲ್ಲಿ ಕಾಫಿ ಕಾಯಿಸುತ್ತ ಬರೀ ಚಪ್ಪಾಳೆ ಕೇಳಿದವಳು!

“ನೋಡಿ, ನಾನು ಹೇಳಿದ ಉಡುಪು ಹಾಕ್ಸಿ. ಕೊಂಡಪ್ಪ ಬಾಯಿ ಬಿಡೋ ಮುಂಚೆನೇ ಅವಳೆಂಥೋಳು ಅಂತ ಜನಕ್ಕೆ ಗೊತ್ತಾದ್ರೆ, ಅವತ್ತು ಕಾಫಿ ಕಾಯ್ಸೋ ಕೆಲಸ ನಿಮ್ಮದು. ನಾನು ಮುಂದಿನ ಬೆಂಚಲ್ಲಿ ಕೂತು ಪೂರ್ತಿ ನಾಟಕ ನೋಡ್ತೀನಿ.”

“ಆಗ್ಲಿ ಬಿಡೇ,” ಎಂದು ನಕ್ಕರು.

ಯುದ್ಧದಿಂದಾಗಿ ಬಟ್ಟೆಗೂ ರೇಷನ್ ಬಂದಿದ್ದ ಕಾಲ. ಹೊಸದು ತರುವ ಮಾತೇ ಇಲ್ಲ. ನಾನು ದಿನಾ ಉಡುವ ನೂಲಿನ ಸೀರೆಯನ್ನೇ ಕೊಂಡಪ್ಪನಿಗೆ ಸುತ್ತಿದೆ. ಬಿಂದಿಗೆ ಉಜ್ಜಿ ಉಜ್ಜಿ ಸೊಂಟದ ಹತ್ತಿರ ನವೆದದ್ದು. ಬಿಸಿ ಪಾತ್ರೆ ಇಳಿಸಿ ಇಳಿಸಿ ಸೆರಗಿನ ತುದಿ ಸುಟ್ಟು ಕರಿ ಹಿಡಿದದ್ದು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಗಂಡನ ಪಾತ್ರದವನಿಗೆ ಮಾತ್ರ ಹಾಲಿನಂಥ ಬಿಳಿ ಪಂಚೆ. ಒಗೆದವಳು ಯಾರೆಂದು ಜನರೇ ಊಹಿಸಲಿ!

ಆ ದಿನ ನಾನು ಧಾರೆ ಸೀರೆಯುಟ್ಟು ಮಹಾರಾಣಿಯಂತೆ ಮುಂದಿನ ಬೆಂಚಿನಲ್ಲಿ ವಿರಾಜಮಾನಳಾದೆ. ಪರದೆ ಸರಿಯಿತು. ಗಂಡ ಮಂಚದ ಮೇಲೆ ನರಳುತ್ತಿದ್ದ. ಕೊಂಡಪ್ಪ ಬಂದ, ಇನ್ನೂ ಬಾಯಿ ಬಿಟ್ಟಿರಲಿಲ್ಲ. ಪಕ್ಕದಲ್ಲಿದ್ದ ನೆರೆಮನೆಯ ಅಕ್ಕಯಮ್ಮ ನನ್ನ ತೊಡೆ ಗಿಲ್ಲಿದಳು.

“ಅಯ್ಯೋ, ಇವ್ಳು ನಮ್ಮಂಗೇ ದುಡಿಯೋಳು ಕಣಕ್ಕಾ! ಆ ಸೆರಗು ನೋಡು!”

ಗೆದ್ದೆ! ಹೆಂಗಸರೆಲ್ಲ ಸೆರಗು ತೋರಿಸಿ ತೋರಿಸಿ ಮಾತಾಡಿದರು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಹೇಳಿಕೊಡುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. ಕಂಡದ್ದು ಕೊಂಡಪ್ಪನ ಬೆನ್ನು, ಅಂದರೆ ನನ್ನ ಸೀರೆ.

“ಲೇ! ಗಂಟ್ಲು ಒಣಗೋಯ್ತು, ಕಾಫಿ ಎಲ್ಲೇ?”

ಆ ಗುಡುಗು ಹಿಂದಿನ ಸಾಲಿಗೂ ಕೇಳಿಸಿತು! ಮೇಷ್ಟ್ರ ಬೆತ್ತದ ರುಚಿ ಬಲ್ಲ ಕೊಂಡಪ್ಪ “ಈಗ್ಲೇ ತಂದೆ ಸಾ!” ಎಂದು ರಂಗದಿಂದ ಧುಮುಕಿಯೇಬಿಟ್ಟ. ಮಂಚದ ಮೇಲಿದ್ದವನು ಎದ್ದು ಕೂತ.

“ಸಾ, ನಾನು ಈಗ ಸಾಯೋದಾ, ಬೇಡ್ವಾ?”

ಜನ ಬಿದ್ದು ಬಿದ್ದು ನಕ್ಕರು. ಕೊಂಡಪ್ಪ ನೆರಿಗೆ ಎತ್ತಿಕೊಂಡು ನೆಟ್ಟಗೆ ನನ್ನ ಬಳಿಗೇ ಓಡಿಬಂದ.

“ಅಮ್ಮೋರೇ, ಮೇಷ್ಟ್ರು ಕಾಫಿ ಕೇಳ್ತಾವ್ರೆ.”

ನನ್ನ ಪಿತ್ತ ನೆತ್ತಿಗೇರಿತು! “ಹೋಗಿ ಹೇಳೋ ನಿಮ್ಮ ಮೇಷ್ಟ್ರಿಗೆ! ಕಾಫಿ ಇವತ್ತು ಅವರ ಪಾಲಿಂದು! ಬೇಕಾದ್ರೆ ಒಲೆ ಊದ್ಲಿ, ಕಣ್ಣಿಗೆ ಹೊಗೆ ತುಂಬ್ಕೊಳ್ಲಿ! ಈ ಬೆಂಚು ಬಿಟ್ಟು ನಾನು ಕದಲೋಳಲ್ಲ!”

ಹೆಂಗಸರು ಚಪ್ಪಾಳೆ ತಟ್ಟಿದರು. ನನಗೆ ಬಿದ್ದ ಮೊದಲ ಚಪ್ಪಾಳೆ! ಆದರೆ ಅದು ಯಾಕೋ ದೂರದಿಂದ ಕೇಳಿಸಿದಂತಾಯಿತು. ಅಕ್ಕಯಮ್ಮನ ದನಿಯೂ ದೂರದಿಂದಲೇ ಬಂತು.

“ಮಾತೇನೋ ಸರಿಯಾಗೇ ಆಡ್ದೆ ಕಣಕ್ಕಾ! ಆಡ್ತಾ ಆಡ್ತಾ ಅಲ್ಲಿಗ್ಯಾಕೆ ಹೋದೆ?”

ತಿರುಗಿ ನೋಡಿದೆ. ನಾನು ಆಗಲೇ ಹಿಂದಿನ ಕೊಠಡಿಯ ಬಾಗಿಲಲ್ಲಿದ್ದೆ! ಧಾರೆ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. ಜರಿಯ ಸೆರಗು ಬಿಸಿ ಪಾತ್ರೆ ಇಳಿಸಲು ತಕ್ಕ ಹಾಗೆ ಮಡಿಚಿ ಕೈಯಲ್ಲಿ ಸಿದ್ಧವಾಗಿತ್ತು.