ಹೆಸರಿನ ಮುಂದೊಂದು ಕೈ

"ಮಗಳ ಮಾರಿ ನೋಡಬೇಕಂದ್ರ ಇನ್ನ ಆ ಸ್ನೇಹಲಳ ಮನೀಗೇ ಹೋಗಿ ಕುಂದ್ರಬೇಕು ನಾವು," ಎಂದು ರುದ್ರವ್ವ ಗಂಡನ ಮುಂದೆ ಉಪ್ಪಿಟ್ಟಿನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ್ದೇ ಎಲ್ಲಕ್ಕೂ ಕಾರಣ.

ವಡಾಲದ ಆ ಏಳು ಮಹಡಿಯ ಕಟ್ಟಡದಲ್ಲಿ ಮುರಿಗೆಪ್ಪನ ಸಂಸಾರ ನಾಲ್ಕನೆಯ ಮಹಡಿಯಲ್ಲಿತ್ತು. ವಿಜಯಪುರದಿಂದ ಬಂದು ಆರು ವರ್ಷ. ಅವನು ಸಾರಿಗೆ ಕಂಪನಿಯೊಂದರಲ್ಲಿ ಗುಮಾಸ್ತ. ಹದಿನಾರರ ಮಗಳು ಶೀತಲ ಕಾಲೇಜು ಬಿಟ್ಟೊಡನೆ ಎರಡನೆಯ ಮಹಡಿಯ ಗೆಳತಿ ಸ್ನೇಹಲ್ ಮನೆಗೆ ಹೋಗುತ್ತಿದ್ದಳು. ಅಲ್ಲಿ ಗೇಮಿಂಗ್ ಕಂಪ್ಯೂಟರ್ ಇತ್ತು. ಸ್ವಂತ ಮನೆಗೆ ಬರುವುದು ಉಣ್ಣಲಿಕ್ಕೆ, ಮಲಗಲಿಕ್ಕೆ. ಬಾಡಿಗೆಯೊಂದು ಕೊಡುತ್ತಿರಲಿಲ್ಲ ಅಷ್ಟೆ.

ಹೊಸ ಗೇಮಿಂಗ್ ಕಂಪ್ಯೂಟರ್ ಕೊಳ್ಳುವ ಶಕ್ತಿ ಮುರಿಗೆಪ್ಪನಿಗಿರಲಿಲ್ಲ. ಮಾಟುಂಗದ ಜಾಹೀರಾತು ಕಚೇರಿಯೊಂದು ತನ್ನ ಹಳೆಯ ಕಂಪ್ಯೂಟರನ್ನು ಮಾರುತ್ತಿದೆ ಎಂದು ತಿಳಿದು, ಹತ್ತು ವರ್ಷ ಹಳೆಯ ಆ ಯಂತ್ರವನ್ನು ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಎಂಟು ಜಿಬಿ ಮೆಮೊರಿಯನ್ನು ಹದಿನಾರು ಮಾಡಿದ. ಅದರ ವಿದ್ಯುತ್ ಪೆಟ್ಟಿಗೆ ಇನ್ನೂರ ನಲವತ್ತು ವ್ಯಾಟಿನದು. ಗ್ರಾಫಿಕ್ಸ್ ಕಾರ್ಡಿಗೆ ಬೇರೆ ತಂತಿ ಕೊಡುವ ಸೌಕರ್ಯವಿಲ್ಲ. ಹಾಗಾಗಿ ಎಪ್ಪತ್ತೈದು ವ್ಯಾಟಿನೊಳಗೇ ಕೆಲಸ ಮಾಡುವ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕಿದ. ಹಾರ್ಡ್ ಡಿಸ್ಕ್ ಮಾತ್ರ ಹಳೆಯದೇ ಇರಲಿ ಎಂದುಕೊಂಡ.

ಶೀತಲ ಕರಾರು ಹಾಕಿದ್ದಳು. "ಪಪ್ಪಾ, ಸಂಡೇ ಪಾಂಚ್ ಬಜೇ ನಮ್ಮ ಮ್ಯಾಚ್. ನಿಮ್ಮ ಡಬ್ಬಾ ಚಲ್ ಗಯಾ ತೋ ನಾನು ರೋಜ್ ಮನ್ಯಾಗೇ. ಪ್ರಾಮಿಸ್. ನಹೀ ಚಲಾ ತೋ ಆಮೇಲೆ ಕಭೀ ಕೇಳಬಾರ್ದು."

ಭಾನುವಾರ ಬೆಳಿಗ್ಗೆ ಮುಚ್ಚಳ ಬಿಚ್ಚಿದಾಗ ಧೂಳಿನೊಂದಿಗೆ ಊದುಬತ್ತಿಯ ವಾಸನೆ ಬಂತು. ಒಳಗೆ ಒಣಗಿದ ಚೆಂಡುಹೂವಿನ ಎಸಳುಗಳಿದ್ದವು. ಆಯುಧಪೂಜೆಯದಿರಬೇಕು ಎಂದುಕೊಂಡು ಊದಿದ. ಕಾರ್ಡಿನ ತಗಡು ಕೊಂಚ ಉದ್ದವಾದದ್ದರಿಂದ ಡ್ರಿಲ್ ತಂದು ಪೆಟ್ಟಿಗೆಯನ್ನೇ ಕೊರೆದ. ಸ್ವಿಚ್ ಒತ್ತಿದ. ಫ್ಯಾನು ಬಹಳ ದಿನ ಮಲಗಿದವರು ಎದ್ದು ಕೂತಂತೆ ಒಂದು ದೀರ್ಘ ಉಸಿರು ಬಿಟ್ಟು ತಿರುಗತೊಡಗಿತು.

ಪರೀಕ್ಷೆಗೆಂದು ಕಾರ್ ರೇಸಿನ ಗೇಮ್ ಹಾಕಿದ. ಆಟಗಾರನ ಹೆಸರು ಕೇಳಿತು. ಇಂಗ್ಲಿಷಿನಲ್ಲಿ ತನ್ನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ. ಅಕ್ಷರಗಳು ತಾವಾಗಿಯೇ ದೇವನಾಗರಿಗೆ ತಿರುಗಿದವು; ಮುಂದೆ ಇನ್ನೊಂದು ಅಕ್ಷರ ಬಂದು ನಿಂತಿತು: 'ಕೈ. ಮುರಿಗೆಪ್ಪಾ'.

ಮುರಿಗೆಪ್ಪನಿಗೆ ಶಾಲೆಯ ಹಿಂದಿಯಿಂದ ಲಿಪಿ ಬರುತ್ತಿತ್ತು. ಮರಾಠಿ ಪತ್ರಿಕೆ ಓದಿದವನಲ್ಲ. "ಭಲೇ! ಒಂದು ಕೈ ನೋಡೇಬಿಡು ಅಂತೈತಿ," ಎಂದು ಅಂಗೈ ಉಜ್ಜಿಕೊಂಡ.

ಅಷ್ಟರಲ್ಲಿ ಸೊಸೈಟಿಯ ಕಾರ್ಯದರ್ಶಿ ದೇವಾನಂದ ಬಂದ. ಬೆಳಗಾವಿ ಕಡೆಯವನು, ನಿಯಮಾವಳಿಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವಾತ.

"ಏನ್ರೀ ಮುರಿಗೆಪ್ಪನವರ, ರವಿವಾರ ಮುಂಜಾನೆ ಡ್ರಿಲ್ ಹೊಡಿಯೂದು ಯಾವ ರೂಲಿನ್ಯಾಗ ಐತಿ?"

"ಮುಗೀತ್ರೀ ಸಾಹೇಬ್ರ. ಬರ್ರಿ, ನೀವೂ ಒಂದು ಕೈ ಆಡಿ ನೋಡ್ರಿ."

ಊಟದ ಡಬ್ಬಿ ತಂದಿದ್ದ ನೆಲಮಹಡಿಯ ಕ್ಯಾಂಟೀನಿನ ದೂಜನೂ ನಿಂತ. "ಎಂಥ ಗಮ್ಮತ್ತು ಮಾರಾಯ್ರೆ, ನನ್ನ ಹೆಸರೂ ಹಾಕಿ!" 'ಕೈ. ದೇವಾನಂದ್', 'ಕೈ. ದೂಜಾ' ಎಂದು ಎರಡು ಸಾಲು ಸೇರಿದವು. ಮೂರು ಕಾರುಗಳೂ ಮೊದಲ ತಿರುವಿನಲ್ಲೇ ಪ್ರಪಾತಕ್ಕೆ ಬಿದ್ದವು.

ಅಲ್ಲಿಂದ ಹೊರಟ ದೇವಾನಂದ ಲಿಫ್ಟ್ ಹತ್ತಿದ. ಕರೆಂಟು ಹೋಯಿತು. ಎರಡು ಮಹಡಿಗಳ ನಡುವಿನ ಕತ್ತಲಲ್ಲಿ ಮೂವತ್ತೈದು ನಿಮಿಷ ನಿಂತು, ಹೊರಬಂದಾಗ ನೀರಿಗೆ ಬಿದ್ದ ಬೆಕ್ಕಿನಂತಾಗಿದ್ದ. ಕ್ಯಾಂಟೀನಿಗೆ ಮರಳಿದ ದೂಜನ ಬಲಗೈ ಮೇಲೆ ಬೋಂಡದ ಎಣ್ಣೆ ಸಿಡಿಯಿತು.

ಸುದ್ದಿ ತಂದವಳು ಪಕ್ಕದ ಮನೆಯ ಇಂದ್ರಾಬಾಯಿ. ಸೊಲ್ಲಾಪುರದವಳಾದ್ದರಿಂದ ಅವಳ ಕನ್ನಡ ಅರ್ಧ, ಮರಾಠಿ ಅರ್ಧ. ಹೇಳುತ್ತ ಹೇಳುತ್ತ ಪರದೆಯ ಮೇಲೆ ಕಣ್ಣು ಹೋಯಿತು.

"ಅಗಬಾಯಿ! ಹೇ ಕಾಯ್, ಮುರಿಗೆಪ್ಪಾ? ಕೈ ಅಂದ್ರ ಹಾತ್ ಅಲ್ಲೋ ಪುಣ್ಯಾತ್ಮಾ! ಕೈಲಾಸವಾಸಿ! ಸತ್ತವರ ಹೆಸರಿನ ಮುಂದ ಪೇಪರಿನ್ಯಾಗ ಹಾಕ್ತಾರ!"

ಮುರಿಗೆಪ್ಪ ಪರದೆ ನೋಡಿದ. ಮೂರು ಹೆಸರು, ಮೂರೂ ಕೈಲಾಸವಾಸಿ. ಫ್ಯಾನಿನ ಸದ್ದು ಈಗ ಯಾರೋ ಹಲ್ಲು ಕಡಿಯುವ ಸದ್ದಿನಂತೆ ಕೇಳಿಸಿತು.

"ದೋನ್ ಆತು," ಇಂದ್ರಾಬಾಯಿ ಎರಡು ಬೆರಳು ಮಡಿಸಿದಳು. "ಉಳಿದಾಂವ ನೀನು." ಹಾಗೆಂದು ಹಿಂದೆ ನೋಡದೆ ನಡೆದಳು.

ಮುರಿಗೆಪ್ಪ ಎದ್ದು ಗ್ಯಾಸ್ ನಾಬ್ ನೋಡಿದ, ಬಚ್ಚಲ ನೆಲ ಒರೆಸಿದ, ಮಾತ್ರೆ ನುಂಗುವವನಂತೆ ಒಂದು ಗುಟುಕು ನೀರು ಕುಡಿದ. ಆಮೇಲೆ ಯಂತ್ರ ಮಾರಿದ ಕಚೇರಿಯ ಮ್ಯಾನೇಜರ್ ಅಂಗಾರನಿಗೆ ಫೋನ್ ಮಾಡಿದ.

"ಓ, ಅದು ಹೇಳ್ಲಿಕ್ಕೆ ಮರ್ತೇಹೋಯ್ತು ನೋಡಿ," ಎಂದ ಅಂಗಾರ. "ನಮ್ದು ಶ್ರದ್ಧಾಂಜಲಿ ಜಾಹೀರಾತು ಮಾತ್ರ. ಒಂಬತ್ತು ವರ್ಷ ಆ ಯಂತ್ರದಲ್ಲಿ ಬದುಕಿರುವವರ ಹೆಸರು ಒಂದೂ ಟೈಪ್ ಆಗ್ಲಿಲ್ಲ. ಪ್ರತಿ ಸಲ 'ಕೈ' ಒತ್ತುವುದು ಯಾಕೆ ಅಂತ ಸಣ್ಣದೊಂದು ಪ್ರೋಗ್ರಾಂ ಹಾಕಿಸಿದ್ವು. ಅಳಿಸಿಬಿಡಿ, ಎರಡು ನಿಮಿಷದ ಕೆಲಸ."

ಮುರಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಗಂಟೆ ಒಂದೂವರೆ, ಮ್ಯಾಚಿಗೆ ಬೇಕಾದಷ್ಟು ಸಮಯವಿತ್ತು. ಮೌಸ್ ಹಿಡಿದ. ಕರೆಗಂಟೆ ಸದ್ದಾಯಿತು.

ಇಂದ್ರಾಬಾಯಿ. ಒಳಗೆ ಬಂದು ಬಾಗಿಲ ಚಿಲಕವನ್ನು ತಾನೇ ಹಾಕಿದಳು.

"ಮುರಿಗೆಪ್ಪಾ, ಒಂದು ಹೆಸರು ಟೈಪ್ ಮಾಡ್ತೀಯೇನು?"

"ಯಾರದ್ರೀ?"

ಅವಳು ಕಿವಿಯ ಹತ್ತಿರ ಬಂದಳು. "ದೇವಾನಂದ. ಲಿಫ್ಟಿನ್ಯಾಗ ಅರ್ಧಾ ಕೆಲಸ ಆಗೇತಿ. ಪೂರ್ತಿ ಮಾಡು."

"ಏ, ಅದು ಬರೇ ಪ್ರೋಗ್ರಾಂರೀ ಬಾಯಿ..."

"ಹೋ ಹೋ, ಪ್ರೋಗ್ರಾಂ. ಯಾರಿಗೂ ಹೇಳಬ್ಯಾಡ."

'ಕೈ' ಸುದ್ದಿ ಆಗಲೇ ಮಹಡಿ ಮಹಡಿಗೂ ಹಬ್ಬಿತ್ತು. ಹತ್ತು ನಿಮಿಷಕ್ಕೆ ದೇವಾನಂದನೇ ಬಂದ, ನಿಯಮಾವಳಿ ಜೇಬಿನಲ್ಲಿರಲಿಲ್ಲ. ಕಣ್ಣು ನೆಲದ ಮೇಲಿಟ್ಟು ಇಂದ್ರಾಬಾಯಿಯ ಹೆಸರು ಹೇಳಿದ. "ಮ್ಯಾಗಿನ ಟಾಕಿ ನೀರು ಎಲ್ಲಾ ಆಕೀನೇ ಖಾಲಿ ಮಾಡ್ತಾಳ್ರಿ. ಬ್ಯಾರೆ ದಾರಿ ಇಲ್ಲ." ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡ ದೂಜ ಎದುರು ಗಲ್ಲಿಯ ಇಡ್ಲಿ ಅಂಗಡಿಯವನ ಹೆಸರು ಹೇಳಿ, "ಜೋರು ಬೇಡ ಮಾರಾಯ್ರೆ, ಕಾಲು ಮುರಿದ್ರೆ ಸಾಕು," ಎಂದ. ಆಮೇಲೆ ಮೂರನೆಯ ಮಹಡಿಯ ಅತ್ತೆ ಬಂದಳು. ಅವಳು ಇಳಿದು ಹೋದ ಮೇಲೆ ಅದೇ ಮನೆಯ ಸೊಸೆ ಬಂದಳು. ಆರನೆಯ ಮಹಡಿಯ ನಿವೃತ್ತ ಮೇಷ್ಟರು ಬಂದು, ಹೆಸರನ್ನು ಕಾಗುಣಿತ ತಪ್ಪದಂತೆ ಬಿಡಿಸಿ ಬಿಡಿಸಿ ಹೇಳಿದರು. ಎಲ್ಲರೂ ನಿತ್ಯ ನಕ್ಕು ಮಾತಾಡಿಸುವವರು. ಎಲ್ಲರದೂ ತಣ್ಣನೆಯ ದನಿ. ಮುರಿಗೆಪ್ಪ ಯಾವ ಹೆಸರನ್ನೂ ಟೈಪ್ ಮಾಡಲಿಲ್ಲ. ಆದರೆ "ಆಗೂದಿಲ್ಲ" ಎಂದರೆ ಅವರು ಏಳುತ್ತಿರಲಿಲ್ಲ. "ಆತು, ಆತು" ಎಂದು ತಲೆಯಾಡಿಸಿ ಒಬ್ಬೊಬ್ಬರನ್ನೇ ಕಳಿಸಿದ.

ಆರು ಜನ ಹೋದ ಮೇಲೆ ಬೆನ್ನ ಹಿಂದೆ ಬಳೆ ಸದ್ದಾಯಿತು. ರುದ್ರವ್ವ.

"ರೀ, ಆ ಸ್ನೇಹಲಳ ಅವ್ವನ ಹೆಸರು ಹಾಕ್ರಿ. ಮಗಳನ್ನ ಕಸಗೊಂಡಾಳ."

"ರುದ್ರಾ! ನೀನೂ ಏನು?"

"ಸುಮ್ನ ಒಂದು ಮಾತು ಅಂದೆ," ಎಂದು ರುದ್ರವ್ವ ಮುಖ ತಿರುಗಿಸಿ ಒಳಗೆ ಹೋದಳು.

ನಾಲ್ಕು ಗಂಟೆಗೆ ಪ್ರೋಗ್ರಾಂ ಅಳಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮಗಳು ಬರುವುದರೊಳಗೆ ಮನೆಯ ಹೆಸರು ಶುದ್ಧವಾಗಬೇಕೆಂದು ಆರೂ ಜನರನ್ನು ಒಟ್ಟಿಗೆ ಕರೆದ. ಎಲ್ಲರೆದುರು ತನ್ನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ. ಬರಿಯ ಹೆಸರು ಬಂತು, ಇಂಗ್ಲಿಷಿನಲ್ಲಿ.

"ನೋಡಿದ್ರಿಲ್ಲ? ಏನೂ ಇಲ್ಲ. ಹೋತು."

ಯಾರೂ ಸಂತೋಷಪಡಲಿಲ್ಲ. ಲಾಟರಿ ಟಿಕೆಟ್ಟಿನ ಕೊನೆಯ ಅಂಕಿ ತಪ್ಪಿದವರಂತೆ ನಿಂತರು. ಅವರನ್ನು ಸಮಾಧಾನಪಡಿಸಲು ಮುರಿಗೆಪ್ಪ ಬಾಯಿಬಿಟ್ಟ.

"ಇನ್ನ, ಮಧ್ಯಾಹ್ನ ಯಾರು ಯಾರ ಹೆಸರು ಹೇಳಿದ್ರಿ ಅನ್ನೂದು ನನ್ನ ಹೊಟ್ಯಾಗೇ ಇರತೈತಿ. ಒಬ್ಬರದು ಒಬ್ಬರಿಗೆ ಹೇಳೂದಿಲ್ಲ. ಕಾಳಜಿ ಬ್ಯಾಡ."

ಅತ್ತೆ ಸೊಸೆಯನ್ನು ನೋಡಿದಳು. ಇಂದ್ರಾಬಾಯಿ ದೇವಾನಂದನನ್ನು ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ರುದ್ರವ್ವ ಸೆರಗಿನ ತುದಿ ತಿರುಚುತ್ತಿದ್ದಳು. ಆಮೇಲೆ ಅಷ್ಟೂ ಕಣ್ಣುಗಳು ನಿಧಾನವಾಗಿ ತಿರುಗಿ ಮುರಿಗೆಪ್ಪನ ಮೇಲೆ ನಿಂತವು. ಒಬ್ಬೊಬ್ಬರೇ ಚಪ್ಪಲಿ ಹಾಕಿಕೊಂಡು ಹೋದರು.

ಐದಕ್ಕೆ ಸರಿಯಾಗಿ ಶೀತಲ ಬಂದಳು, ಜೊತೆಗೆ ಸ್ನೇಹಲ್. ಯಂತ್ರ ಎಲ್ಲಿಯೂ ತಡವರಿಸಲಿಲ್ಲ. ಸೆಕೆಂಡಿಗೆ ಅರವತ್ತು ಚಿತ್ರಗಳಂತೆ ಓಡಿತು. ಇಬ್ಬರೂ ಮ್ಯಾಚ್ ಗೆದ್ದು ಕಿರುಚಿದರು. "ಪಪ್ಪಾ, ಡಬ್ಬಾ ಏಕದಂ ಮಸ್ತ್!" ಮಗಳ ಕೂಗು ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿತ್ತು. ಮುರಿಗೆಪ್ಪನ ಕಣ್ಣು ಒದ್ದೆಯಾಯಿತು.

ಆಗ ಬಾಗಿಲ ಬಳಿ ಸರಸರ ಸದ್ದಾಯಿತು. ಕೆಳಗಿನ ಸಂದಿಯಿಂದ ಮಡಿಸಿದ ಚೀಟಿಯೊಂದು ಒಳಗೆ ಜಾರಿತು. ಅದರ ಹಿಂದೆ ಇನ್ನೊಂದು. ಒಟ್ಟು ಆರು. ಎಲ್ಲದರ ಮೇಲೂ 'ಶೀತಲ್, ಇದನ್ನು ಟೈಪ್ ಮಾಡು. ಪಪ್ಪಾಗೆ ಹೇಳಬೇಡ' ಎಂದು ಹಿಂದಿಯಲ್ಲಿತ್ತು. ಸ್ನೇಹಲ್ ಒಂದೊಂದೇ ಬಿಡಿಸಿ ಓದಿದಳು. ಯಂತ್ರ 'ಕೈ' ಹಾಕುವುದನ್ನು ಬಿಟ್ಟಿತ್ತಾದ್ದರಿಂದ ಅದನ್ನು ಅವರೇ ಕೈಯಾರೆ ಬರೆದಿದ್ದರು.

"ಕೈ. ಮುರಿಗೆಪ್ಪಾ," ಎಂದು ಓದಿದಳು ಸ್ನೇಹಲ್. "ಕೈ. ಮುರಿಗೆಪ್ಪಾ. ಕೈ. ಮುರಿಗೆಪ್ಪಾ..." ಮೇಷ್ಟರ ಚೀಟಿಯಲ್ಲಿ ಕಾಗುಣಿತ ಸರಿಯಾಗಿತ್ತು.

ಸ್ನೇಹಲ್ ಎದ್ದು ನಿಂತಳು. ಶೀತಲಳೂ ಎದ್ದಳು.

"ಪಪ್ಪಾ, ಮಶೀನ್ ಅಚ್ಛಾ ಐತಿ. ಲೇಕಿನ್ ಇಲ್ಲಿ ನಂಗೆ ಡರ್ ಆಗ್ತೈತಿ. ನಾನು ಸ್ನೇಹಲ್ ಕಡೆ ಹೋಗ್ತೀನಿ."

"ಶೀತಲ, ಪ್ರಾಮಿಸ್..."

ಬಾಗಿಲು ಮುಚ್ಚಿತು. ಮುರಿಗೆಪ್ಪ ಯಂತ್ರವನ್ನು ಮುಚ್ಚಿಡೋಣವೆಂದು ಕೀಬೋರ್ಡ್ ಎತ್ತಿದ. ಅದರ ಕೆಳಗೆ ಏಳನೆಯ ಚೀಟಿಯೊಂದಿತ್ತು. ಬಾಗಿಲ ಸಂದಿಯಿಂದ ಬಂದದ್ದಲ್ಲ. ಅಷ್ಟು ದೂರ ಜಾರಲಾರದು. ಬಿಡಿಸಿದ. ಇದು ಕನ್ನಡದಲ್ಲಿತ್ತು. ದುಂಡಗಿನ, ಪರಿಚಯದ ಅಕ್ಷರ:

'ದಿ. ನಮ್ಮ ಮನಿಯವರು.'

"ರೀ," ಅಡುಗೆಮನೆಯಿಂದ ರುದ್ರವ್ವನ ದನಿ ಎಂದಿಗಿಂತ ಮೆತ್ತಗಿತ್ತು, "ಚಹಾ ಆರತೈತಿ. ಬರ್ರಿ, ಕುಡಿಬರ್ರಿ."